ವೇಳಾಪಟ್ಟಿಯ ಆ ಒಂದು ಅವಧಿ

ಮಳೆಗಾಲದ ಮೊದಲ ಹನಿಗಳೊಂದಿಗೆ ನಮ್ಮ ಕರಾವಳಿಯ ಶಾಲೆಗಳ ಬಾಗಿಲು ಮತ್ತೆ ತೆರೆದಿದೆ. ವರಾಂಡದಲ್ಲಿ ಸಾಲಾಗಿ ಬಿಚ್ಚಿಟ್ಟ ಕೊಡೆಗಳು, ಪುಸ್ತಕಗಳಿಗೆ ಹೊದಿಸಿದ ಹೊಸ ಕಾಗದದ ಪರಿಮಳ, ಮೊಣಕಾಲಿನವರೆಗೆ ಒದ್ದೆಯಾದ ಸಮವಸ್ತ್ರಗಳು ನಮ್ಮಲ್ಲಿ ಯಾರ ನೆನಪಿನಲ್ಲಿಲ್ಲ? ಈ ದಿನಗಳಲ್ಲಿ ಮಗಳನ್ನು ಪ್ರೌಢಶಾಲೆಗೆ ಸೇರಿಸಲು ಹೋಗುವ ತಂದೆತಾಯಿಗಳು ಕಚೇರಿಯಲ್ಲಿ ಕುಳಿತು ಕೇಳುವ ಮೊದಲ ಪ್ರಶ್ನೆ, ಕಳೆದ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ ಎಷ್ಟು ಎಂಬುದು. ಎರಡನೆಯದು, ವಿಶೇಷ ತರಗತಿಗಳು ಯಾವ ತಿಂಗಳಿನಿಂದ ಆರಂಭವಾಗುತ್ತವೆ ಎಂಬುದು. ಪ್ರಶ್ನೆಗಳು ತಪ್ಪಲ್ಲ, ಮಗಳ ಭವಿಷ್ಯದ ಚಿಂತೆ ಹೆತ್ತವರ ಕರ್ತವ್ಯವೇ ಆಗಿದೆ. ಆದರೆ ಸೋಮವಾರದಿಂದ ಶನಿವಾರದವರೆಗೆ ಈ ಗೋಡೆಗಳೊಳಗೆ ನನ್ನ ಮಗಳು ಏನಾಗಿ ಬೆಳೆಯುತ್ತಾಳೆ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಈ ವಾರ ಆ ಪ್ರಶ್ನೆಯನ್ನು ನಾವು ಓದುಗರ ಮುಂದಿಡಬಯಸುತ್ತೇವೆ.

ನಾವು ಮಾತನಾಡುತ್ತಿರುವುದು ಭಗಿನಿಯರು ನಡೆಸುವ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯ ಬಗ್ಗೆ. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಅಂತಹ ಶಾಲೆಗಳು ನಮ್ಮ ಜಿಲ್ಲೆಗಳಲ್ಲಿ ಹಲವಿವೆ, ಅವುಗಳ ವಾರದ ಕ್ರಮವೂ ಹೆಚ್ಚುಕಡಿಮೆ ಒಂದೇ. ಎಂಟು, ಒಂಬತ್ತು, ಹತ್ತನೆಯ ತರಗತಿಗಳು. ಅನುದಾನಿತ ಕನ್ನಡ ಮಾಧ್ಯಮ. ಪಕ್ಕದಲ್ಲಿ ಕನ್ಯಾಮಠ, ಅದರಾಚೆ ಇಗರ್ಜಿ. ಹುಡುಗಿಯರಲ್ಲಿ ಕಥೋಲಿಕರು ಕೆಲವರು ಮಾತ್ರ. ಉಳಿದವರು ಹಿಂದೂ ಮತ್ತು ಮುಸಲ್ಮಾನ ಮನೆಗಳವರು. ಬೀಡಿ ಕಟ್ಟುವವರ, ಮೀನು ಮಾರುವವರ, ಗೇರುಬೀಜ ಕಾರ್ಖಾನೆಗೆ ಹೋಗುವವರ, ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದು ನೆಲೆಸಿದವರ ಮಕ್ಕಳು.

ಸೋಮವಾರ ಬೆಳಗಿನ ಸಭೆಯಿಂದ ವಾರ ಆರಂಭವಾಗುತ್ತದೆ. ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆಯ ವಾಚನ, ದಿನದ ವಾರ್ತೆ, ಒಂದು ಸುಭಾಷಿತ ಹಾಗೂ ರಾಷ್ಟ್ರಗೀತೆ. ಇವನ್ನೆಲ್ಲ ನಡೆಸುವವರು ಸರದಿಯಂತೆ ಹುಡುಗಿಯರೇ. ಗಂಟೆ ಬಾರಿಸುವವಳೂ ಹುಡುಗಿ, ಸಾಲು ನಿಲ್ಲಿಸುವವಳೂ ಹುಡುಗಿ. ಇದು ಸಣ್ಣ ಸಂಗತಿಯೆಂದು ಕಾಣಬಹುದು. ಆದರೆ ಹುಡುಗರೂ ಇರುವ ಅನೇಕ ಶಾಲೆಗಳಲ್ಲಿ ಬೆಂಚು ಹೊರಲು ಹುಡುಗರು, ಅತಿಥಿಗಳಿಗೆ ಹೂ ಕೊಡಲು ಹುಡುಗಿಯರು ಎಂಬ ಹಂಚಿಕೆ ತಾನೇತಾನಾಗಿ ಆಗಿಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಬೆಂಚನ್ನೂ ಅವರೇ ಹೊರಬೇಕು. ಪ್ರಯೋಗಶಾಲೆಯ ತಂತಿಯನ್ನು ಜೋಡಿಸುವವಳು, ಧ್ವನಿವರ್ಧಕವನ್ನು ಸರಿಪಡಿಸುವವಳು, ವಾರ್ಷಿಕೋತ್ಸವದ ಲೆಕ್ಕ ಬರೆಯುವವಳು ಅವಳೇ. ಎಂಟನೆಯ ತರಗತಿಗೆ ಬಂದಾಗ ಹೆಸರು ಹೇಳಲೂ ತಲೆತಗ್ಗಿಸುತ್ತಿದ್ದವಳು ಹತ್ತನೆಯ ತರಗತಿಯಲ್ಲಿ ಮುನ್ನೂರು ಮಂದಿಯ ಮುಂದೆ ನಿಂತು ವಾರ್ತೆ ಓದುತ್ತಾಳೆ. ಯಾವ ಅಂಕಪಟ್ಟಿಯೂ ಇದನ್ನು ದಾಖಲಿಸುವುದಿಲ್ಲ.

ಮಂಗಳವಾರ, ಬುಧವಾರಗಳು ಪಾಠದ ದಿನಗಳು. ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜವಿಜ್ಞಾನ. ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಎಲ್ಲ ಮತದವರೂ ಎಲ್ಲ ಜಾತಿಯವರೂ ಒಂದೇ ಪಾತ್ರೆಯ ಅನ್ನವನ್ನು ಉಣ್ಣುತ್ತಾರೆ. ಊಟಕ್ಕೆ ಮುಂಚೆ ಒಂದು ಕ್ಷಣ ಮೌನ. ಅವರವರ ಪ್ರಾರ್ಥನೆ ಅವರವರದು. ಶುಕ್ರವಾರ, ಅದರಲ್ಲೂ ತಿಂಗಳ ಮೊದಲ ಶುಕ್ರವಾರ, ಕಥೋಲಿಕ ಹುಡುಗಿಯರು ಪಕ್ಕದ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿ, ಬಲಿಪೂಜೆಯಲ್ಲಿ ಭಾಗವಹಿಸುತ್ತಾರೆ. ಶನಿವಾರ ಅರ್ಧ ದಿನ. ವ್ಯಾಯಾಮ, ಗೈಡ್ಸ್ ದಳದ ಅಭ್ಯಾಸ, ತರಗತಿಗಳ ಶುಚಿತ್ವ, ಕೆಲವೆಡೆ ವೈ.ಸಿ.ಎಸ್. ಘಟಕದ ಸಭೆ. ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ದೈನ್ ಅವರು ಯುವ ಕಾರ್ಮಿಕರಿಗಾಗಿ ರೂಪಿಸಿದ ‘ನೋಡು, ವಿವೇಚಿಸು, ಕಾರ್ಯಕ್ಕಿಳಿ’ ಎಂಬ ಮೂರು ಮೆಟ್ಟಿಲುಗಳ ಕ್ರಮವೇ ಈ ಸಭೆಗಳಿಗೂ ಆಧಾರ.

ಗುರುವಾರವನ್ನು ನಾವು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇವೆ. ಆ ದಿನದ ಒಂದು ಅವಧಿಯಲ್ಲಿ ತರಗತಿ ಎರಡಾಗುತ್ತದೆ. ಕಥೋಲಿಕ ಹುಡುಗಿಯರು ಧರ್ಮೋಪದೇಶಕ್ಕೆ, ಉಳಿದವರು ನೀತಿಪಾಠಕ್ಕೆ. ಈ ವಿಭಜನೆಯ ಬಗ್ಗೆ ಹೊರಗೆ ತಪ್ಪು ತಿಳಿವಳಿಕೆಗಳಿರುವುದರಿಂದ ಒಂದು ಮಾತನ್ನು ಸ್ಪಷ್ಟಪಡಿಸುವುದು ಉಚಿತ. ನಮ್ಮ ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. ಅದೇ ಸಂವಿಧಾನದ 28ನೆಯ ವಿಧಿ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ ಒಳಪಡಿಸಕೂಡದೆಂದು ವಿಧಿಸಿದೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ನಮ್ಮ ಶಾಲೆಗಳ ಧರ್ಮ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಶಿಕ್ಷಣವನ್ನು ಕುರಿತು ಪ್ರಕಟಿಸಿದ ಘೋಷಣೆಯೂ, ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತು ಅದೇ ವರ್ಷ ಹೊರಡಿಸಿದ ಘೋಷಣೆಯೂ ಇದಕ್ಕೆ ವಿರುದ್ಧವಾದುದೇನನ್ನೂ ಹೇಳಿಲ್ಲ. ಒತ್ತಾಯದ ವಿಶ್ವಾಸ ವಿಶ್ವಾಸವೇ ಅಲ್ಲ.

ಆ ಅವಧಿಯಲ್ಲಿ ಏನು ನಡೆಯುತ್ತದೆ? ಒಂದು ಉದಾಹರಣೆ ಸಾಕು. ಒಂಬತ್ತನೆಯ ತರಗತಿಯ ಎರಡೂ ಗುಂಪುಗಳಿಗೆ ಶಿಕ್ಷಕಿಯರು ಒಂದೇ ಕೆಲಸ ಕೊಟ್ಟಿದ್ದರು. ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಮನೆಯಲ್ಲಿ ಯಾರು ಯಾವ ಕೆಲಸ ಮಾಡಿದರು ಎಂಬುದನ್ನು ಗಂಟೆಗಂಟೆಗೂ ಬರೆದು ತರಬೇಕು. ಮುಂದಿನ ವಾರ ಬಂದ ಹಾಳೆಗಳಲ್ಲಿ ತಾಯಿಯ ಅಂಕಣದಲ್ಲಿ ಬರೆಯಲು ಜಾಗ ಸಾಲದು, ಅಣ್ಣನ ಅಂಕಣ ಬಹುಪಾಲು ಖಾಲಿ. ಧರ್ಮೋಪದೇಶದ ಗುಂಪಿನಲ್ಲಿ ಅದು ಶಿಷ್ಯರ ಪಾದ ತೊಳೆದ ಯೇಸುಸ್ವಾಮಿಯ ಪ್ರಸಂಗಕ್ಕೆ ದಾರಿಯಾಯಿತು. ನೀತಿಪಾಠದ ಗುಂಪಿನಲ್ಲಿ ದುಡಿಮೆಯ ಗೌರವ ಹಾಗೂ ಸಮಾನತೆಯ ಚರ್ಚೆಗೆ. ಕೊನೆಯಲ್ಲಿ ಎರಡೂ ಗುಂಪಿನವರು ಒಂದೇ ನಿರ್ಣಯಕ್ಕೆ ಬಂದರು. ಈ ವಾರ ಅಣ್ಣತಮ್ಮಂದಿರು ತಾವು ಉಂಡ ತಟ್ಟೆಯನ್ನು ತಾವೇ ತೊಳೆಯುವಂತೆ ಕೇಳಿಕೊಳ್ಳಬೇಕು. ಎಷ್ಟು ಮನೆಗಳಲ್ಲಿ ಅದು ಸಾಧ್ಯವಾಯಿತೋ ನಾವರಿಯೆವು. ಕೇಳುವ ಧೈರ್ಯವಂತೂ ಬಂತು.

ಆ ಶಾಲೆಯಲ್ಲಿ ಇನ್ನೊಂದು ಪದ್ಧತಿಯಿದೆ. ತರಗತಿಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಯಾರು ಬೇಕಾದರೂ, ಯಾವ ಮತದವಳಾದರೂ, ತನ್ನ ಕೋರಿಕೆಯನ್ನು ಚೀಟಿಯಲ್ಲಿ ಬರೆದು ಹಾಕಬಹುದು. ಗುರುವಾರದ ಅವಧಿಯಲ್ಲಿ ಶಿಕ್ಷಕಿ ಪೆಟ್ಟಿಗೆ ತೆರೆದು ಚೀಟಿಗಳನ್ನು ಮನಸ್ಸಿನಲ್ಲೇ ಓದಿ, ಹೆಸರು ಹೇಳದೆ, ಎಲ್ಲರೂ ಮೌನವಾಗಿ ಪ್ರಾರ್ಥಿಸುವಂತೆ ಹೇಳುತ್ತಾರೆ. ಪರೀಕ್ಷೆಯ ಭಯ, ಅಜ್ಜಿಯ ಕಾಯಿಲೆ, ಗೆಳತಿಯೊಂದಿಗಿನ ಜಗಳ ಇವೇ ಹೆಚ್ಚು. ಒಮ್ಮೊಮ್ಮೆ, ಬಾಯಿಬಿಟ್ಟು ಹೇಳಲಾಗದ ಸಂಕಟವೂ ಆ ಚೀಟಿಗಳಲ್ಲಿರುತ್ತದೆ. ಅಂತಹ ಚೀಟಿಯನ್ನು ಓದಿದ ಸಂಜೆಯೇ ಭಗಿನಿಯರು ಆ ಮನೆಯ ದಾರಿ ಹಿಡಿದ ಪ್ರಸಂಗಗಳು ಒಂದೆರಡಲ್ಲ.

ಕಳೆದ ವರ್ಷ ಡಿಸೆಂಬರ್‌ನಲ್ಲಿ, ಪೋಷಕರ ಸಭೆಯೊಂದರಲ್ಲಿ ಕೆಲವರು ಎದ್ದುನಿಂತು, ಗುರುವಾರದ ಆ ಅವಧಿಯನ್ನು ಗಣಿತಕ್ಕೆ ಕೊಡಬಾರದೇಕೆ ಎಂದು ಕೇಳಿದರು. ನೀತಿ ಮನೆಯಲ್ಲೇ ಕಲಿಯುತ್ತಾರೆ, ಧರ್ಮೋಪದೇಶ ಭಾನುವಾರ ಇಗರ್ಜಿಯಲ್ಲಿ ಇದ್ದೇ ಇದೆ, ಅಂಕ ಮಾತ್ರ ಬೇರೆಲ್ಲೂ ಸಿಗದು ಎಂಬುದು ಅವರ ವಾದ. ಕೇಳಿದವರಲ್ಲಿ ನಮ್ಮ ಸಮುದಾಯದವರೇ ಮುಂದಿದ್ದರು ಎಂಬುದನ್ನು ಹೇಳದೆ ವಿಧಿಯಿಲ್ಲ. ಆಡಳಿತ ಮಂಡಳಿಯೂ ಒಪ್ಪಿತು. ಹತ್ತನೆಯ ತರಗತಿಗೆ ಮಾತ್ರವೆಂದು ಆರಂಭವಾದ ವ್ಯವಸ್ಥೆ ಜನವರಿಯ ಹೊತ್ತಿಗೆ ಒಂಬತ್ತನೆಯ ತರಗತಿಗೂ ಬಂತು. ಗಣಿತ ಚೆನ್ನಾಗಿಯೇ ನಡೆಯಿತು. ರಟ್ಟಿನ ಪೆಟ್ಟಿಗೆ ಮಾತ್ರ ಮೂಲೆಯಲ್ಲೇ ಉಳಿಯಿತು.

ಫೆಬ್ರವರಿಯ ಕೊನೆಯಲ್ಲಿ, ಪರೀಕ್ಷೆಗಾಗಿ ಕೋಣೆಯನ್ನು ತೆರವುಗೊಳಿಸುವಾಗ ಶಿಕ್ಷಕಿಯೊಬ್ಬರು ಆ ಪೆಟ್ಟಿಗೆಯನ್ನು ತೆರೆದರು. ಒಳಗಿದ್ದ ಚೀಟಿಗಳಲ್ಲಿ ಒಂದು ಹೀಗಿತ್ತು: ‘ಅಮ್ಮನ ಕೈ ಬೇಗ ವಾಸಿಯಾಗಲಿ. ಇಲ್ಲವಾದರೆ ನಾನು ಶಾಲೆ ಬಿಡಬೇಕು.’ ಬರೆದವಳು ಯಾರೆಂದು ಊಹಿಸಲು ಕಷ್ಟವಾಗಲಿಲ್ಲ. ಜನವರಿಯ ಮಧ್ಯದಿಂದಲೇ ಅವಳು ಬರುತ್ತಿರಲಿಲ್ಲ. ಊರಿಗೆ ಹೋಗಿರಬೇಕೆಂದು ಎಲ್ಲರೂ ತಿಳಿದಿದ್ದರು. ಮನೆಗೆಲಸ ಮಾಡುವ ತಾಯಿ ಜಾರಿ ಬಿದ್ದು ಕೈಮುರಿದುಕೊಂಡಿದ್ದಳು. ಕೆಲಸ ಕೈತಪ್ಪಬಾರದೆಂದು ಅವಳ ಬದಲಿಗೆ ಎರಡು ಮನೆಗಳ ಪಾತ್ರೆ ತೊಳೆಯಲು ಮಗಳು ಹೋಗುತ್ತಿದ್ದಳು. ಆ ಎರಡು ಮನೆಗಳಲ್ಲಿ ಒಂದು ಕಥೋಲಿಕ ಕುಟುಂಬದ್ದು. ಇದನ್ನು ನಮಗೆ ಹೇಳಿದ ಭಗಿನಿಯವರು ಯಾರನ್ನೂ ದೂರಲಿಲ್ಲ. ‘ಏಳು ಗುರುವಾರ ಆ ಚೀಟಿ ನಮ್ಮ ಕಣ್ಣೆದುರೇ ಇತ್ತು’ ಎಂದಷ್ಟೇ ಹೇಳಿ ಸುಮ್ಮನಾದರು. ಅವರು ಮೂರು ಬಾರಿ ಆ ಮನೆಗೆ ಹೋಗಿ ಬಂದ ಫಲವಾಗಿ ಹುಡುಗಿ ಈ ಜೂನ್‌ನಲ್ಲಿ ಮತ್ತೆ ಒಂಬತ್ತನೆಯ ತರಗತಿಯಲ್ಲಿ ಕುಳಿತಿದ್ದಾಳೆ. ಅವಳ ಗೆಳತಿಯರು ಹತ್ತನೆಯ ತರಗತಿಯಲ್ಲಿದ್ದಾರೆ.

ಒಂದು ಅವಧಿ ಉಳಿದಿದ್ದರೆ ತಾಯಿಯ ಕೈ ವಾಸಿಯಾಗುತ್ತಿತ್ತೆಂದು ನಾವು ಹೇಳುವುದಿಲ್ಲ. ಆದರೆ ಜನವರಿಯಲ್ಲೇ ಯಾರಾದರೂ ಆ ಮನೆಯ ಬಾಗಿಲು ತಟ್ಟುತ್ತಿದ್ದರು. ಎರಡು ತಿಂಗಳ ಸಂಬಳದಷ್ಟು ನೆರವನ್ನು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರೋ ಧರ್ಮಕೇಂದ್ರದವರೋ ಒದಗಿಸುತ್ತಿದ್ದರು. ಪಾತ್ರೆ ತೊಳೆಯಲು ಬಂದ ಬಾಲೆಯನ್ನು ನೋಡಿ, ಇಂದು ನಿನಗೆ ಶಾಲೆಯಿಲ್ಲವೆ ಎಂದು ಆ ಮನೆಯೊಡತಿ ಕೇಳಿದ್ದರೂ ಸಾಕಿತ್ತು. ಬಹುಶಃ ಆ ಮನೆಯ ಮಗಳೂ ಅದೇ ಹೊತ್ತಿನಲ್ಲಿ ಬೇರೊಂದು ಶಾಲೆಗೆ ಹೊರಟು ನಿಂತಿದ್ದಿರಬೇಕು.

ಇಂತಹ ಶಾಲೆಗಳನ್ನು ನಮ್ಮ ಹಿರಿಯರು ಯಾವ ಉದ್ದೇಶಕ್ಕಾಗಿ ಕಟ್ಟಿದರು ಎಂಬುದನ್ನು ಇಲ್ಲಿ ಸ್ಮರಿಸಬೇಕು. ವೆರೋನಿಕಾ ಮಾತೆಯವರು 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಆರಂಭಿಸಿದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1870ರ ನವೆಂಬರ್ 19ರಂದು ಮಂಗಳೂರಿನ ನೆಲದಲ್ಲಿ ಕಾಲಿಟ್ಟರು. ಹೆಣ್ಣುಮಕ್ಕಳಿಗೆ ಅಕ್ಷರವೇಕೆ ಎಂದು ಕೇಳುತ್ತಿದ್ದ ಕಾಲವದು. ಸಂತ ಆನ್ನಾ ಹೆಸರಿನ ಅವರ ಶಾಲೆಯಲ್ಲಿ ಬಿತ್ತಿದ ಬೀಜ 1921ರಲ್ಲಿ ಸಂತ ಆಗ್ನೆಸ್ ಕಾಲೇಜಿನವರೆಗೆ ಬೆಳೆಯಿತು. ಆ ಸಂಸ್ಥಾಪಕಿಯನ್ನು ಧರ್ಮಸಭೆ 2014ರಲ್ಲಿ ‘ಪೂಜ್ಯ’ರೆಂದು ಘೋಷಿಸಿದೆ. 1887ರಲ್ಲಿ ಯೇಸುಸಭೆಯ ಗುರು ಅರ್ಬನ್ ಸ್ಟೈನ್ ಅವರ ಮಾರ್ಗದರ್ಶನದಲ್ಲಿ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆ ಮಂಗಳೂರಿನಲ್ಲೇ ಹುಟ್ಟಿತು. 1921ರ ಜುಲೈ 16ರಂದು ಬೆಂದೂರಿನಲ್ಲಿ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ ಅವರು ನಾಲ್ವರು ಯುವತಿಯರೊಂದಿಗೆ ಬೆಥನಿ ಸಭೆಯನ್ನು ಆರಂಭಿಸಿದರು; ಪಟ್ಟಣದ ಶಾಲೆಗಳು ತಲುಪದ ಹಳ್ಳಿಯ ಬಡ ಹೆಣ್ಣುಮಕ್ಕಳ ಶಿಕ್ಷಣವನ್ನು ಅದು ತನ್ನ ಮುಖ್ಯ ಕಾಯಕವಾಗಿಸಿಕೊಂಡಿತು. ಇವರಾರೂ ಫಲಿತಾಂಶದ ಶೇಕಡಾವಾರಿಗಾಗಿ ಶಾಲೆ ತೆರೆದವರಲ್ಲ. ಶಾಲೆಯ ಹೊರಗೆ ಉಳಿದುಹೋಗುತ್ತಿದ್ದವಳನ್ನು ಒಳಗೆ ಕರೆತರಲು ತೆರೆದರು.

ಕೋಲ್ಕತ್ತದ ಸಂತ ತೆರೇಸಾರನ್ನು ನಾವು ಬೀದಿಬದಿಯ ರೋಗಿಗಳ ತಾಯಿಯೆಂದು ಬಲ್ಲೆವು. ಅದಕ್ಕೂ ಮೊದಲು ಅವರು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ಅಧ್ಯಾಪಕಿಯಾಗಿದ್ದರು ಎಂಬುದನ್ನು ಮರೆಯುತ್ತೇವೆ. ಎಂಟಾಲಿಯ ಸಂತ ಮೇರಿ ಶಾಲೆ, ಬಂಗಾಳಿ ಮಾಧ್ಯಮದ ಶಾಲೆ. 1931ರಿಂದ ಅಲ್ಲಿ ಭೂಗೋಳ, ಇತಿಹಾಸಗಳನ್ನು ಕಲಿಸಿದ ಅವರು 1944ರಲ್ಲಿ ಮುಖ್ಯೋಪಾಧ್ಯಾಯಿನಿಯಾದರು. ಗೋಡೆಯಾಚೆಗೆ ಮೋತಿಝೀಲ್ ಎಂಬ ಕೊಳಚೆ ಪ್ರದೇಶ. ಶಾಲೆಯ ಮರಿಯಾ ಸಂಘದ ಹುಡುಗಿಯರು ಗುಂಪುಗಳಲ್ಲಿ ಅಲ್ಲಿಗೂ ಆಸ್ಪತ್ರೆಗೂ ಭೇಟಿ ಕೊಡುತ್ತಿದ್ದರು. 1948ರಲ್ಲಿ ತೆರೇಸಾರವರು ಬರಿಗೈಯಲ್ಲಿ ಆ ಕೊಳಚೆಗೆ ನಡೆದುಹೋದಾಗ, ಮರುವರ್ಷ ಅವರನ್ನು ಮೊದಲಿಗೆ ಸೇರಿಕೊಂಡವಳು ಅವರ ಹಳೆಯ ವಿದ್ಯಾರ್ಥಿನಿ ಸುಭಾಷಿಣಿ ದಾಸ್. ಬಳಿಕ ಬಂದವರಲ್ಲಿಯೂ ಶಿಷ್ಯೆಯರೇ ಹಲವರು. ಆ ಹುಡುಗಿಯರಿಗೆ ಗೋಡೆಯಾಚೆ ನೋಡಲು ಕಲಿಸಿದ ಗಂಟೆಗಳು ಯಾವ ಪರೀಕ್ಷೆಯ ಪಠ್ಯದಲ್ಲಿದ್ದವು?

ಇಷ್ಟು ಬರೆದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಪ್ರತಿವರ್ಷ ಫಲಿತಾಂಶದ ದಿನಗಳಲ್ಲಿ ಇದೇ ಪುಟದಲ್ಲಿ ನಾವು ಭಾವಚಿತ್ರಗಳನ್ನು ಅಚ್ಚುಹಾಕುತ್ತೇವೆ. 625ಕ್ಕೆ ಇಷ್ಟು ಅಂಕ ಪಡೆದವಳು, ಇಂತಹ ಧರ್ಮಕೇಂದ್ರದವಳು ಎಂದು ಹೆಮ್ಮೆಯಿಂದ ಬರೆಯುತ್ತೇವೆ. ಆ ಹೆಮ್ಮೆ ನ್ಯಾಯವಾದುದೇ. ಆದರೆ ತಾಯಿಗೆ ಅಡುಗೆಯಲ್ಲಿ ನೆರವಾಗಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು, ಎರಡು ಮೈಲಿ ನಡೆದು ಬಂದು ಬರಿಯ ಉತ್ತೀರ್ಣಳಾದವಳ ಚಿತ್ರ ಈ ಪುಟದಲ್ಲಿ ಎಂದಾದರೂ ಬಂದಿದೆಯೆ? ಬಂದ ನೆನಪು ನಮಗಿಲ್ಲ. ಶಾಲೆಗಳು ಶೇಕಡಾವಾರಿನ ಹಿಂದೆ ಬಿದ್ದಿವೆಯೆಂದು ದೂರುವ ಮೊದಲು, ಅವುಗಳನ್ನು ಹಾಗೆ ಅಟ್ಟಿದವರಲ್ಲಿ ನಾವೂ ಇದ್ದೇವೆ ಎಂಬುದನ್ನು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ಅಂಕ ಬೇಡವೆಂಬುದು ನಮ್ಮ ವಾದವಲ್ಲ. ಬಡವರ ಮಗಳಿಗೆ ಅಂಕವೇ ಏಣಿ; ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಗಣಿತದಲ್ಲಿ ಹಿಂದುಳಿದವಳಿಗೆ ಸಂಜೆ ಕುಳಿತು ಹೇಳಿಕೊಡುವ ಶಿಕ್ಷಕಿಯೂ ಶುಭಸಂದೇಶವನ್ನೇ ಸಾರುತ್ತಾಳೆ. ಆದರೆ ವಾರದ ನಲವತ್ತಕ್ಕೂ ಹೆಚ್ಚು ಅವಧಿಗಳಲ್ಲಿ ಹುಡುಗಿಯನ್ನು ಅಂಕದಿಂದ ಅಳೆಯದ ಅವಧಿ ಒಂದೇ ಒಂದು. ಗಣಿತಕ್ಕೆ ಸಮಯ ಬೇಕಾದಾಗ ಮೊದಲು ಕೈಹಾಕುವುದು ಅದಕ್ಕೇ ಎಂದರೆ, ನಮ್ಮ ಶಾಲೆಗೂ ಮುಂದಿನ ಬೀದಿಯ ಟ್ಯೂಷನ್ ಕೇಂದ್ರಕ್ಕೂ ಇರುವ ಅಂತರವೇನು?

ಇನ್ನೊಂದು ಸಂಗತಿಯನ್ನೂ ಕುಟುಂಬಗಳು ಯೋಚಿಸಬೇಕು. ನಮ್ಮ ಕನ್ನಡ ಮಾಧ್ಯಮದ ಹೆಣ್ಣುಮಕ್ಕಳ ಶಾಲೆಗಳಿಂದ ನಮ್ಮ ಮಕ್ಕಳೇ ದೂರವಾಗುತ್ತಿದ್ದಾರೆ. ಆಂಗ್ಲ ಮಾಧ್ಯಮವನ್ನು ಆರಿಸಿಕೊಳ್ಳುವುದು ಅಪರಾಧವಲ್ಲ. ಆ ಸ್ವಾತಂತ್ರ್ಯ ಹೆತ್ತವರದು. ಆದರೆ ನಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸದಿದ್ದ ಮಾತ್ರಕ್ಕೆ ಆ ಶಾಲೆ ನಮ್ಮದಲ್ಲವೆಂದು ತಿಳಿಯುವುದು ಸರಿಯೆ? ಬಡವರ, ಕುಟುಂಬದ ಆಸರೆಯಿಲ್ಲದವರ, ವಿಶ್ವಾಸದ ವರವನ್ನು ಹಂಚಿಕೊಳ್ಳದವರ ಅಗತ್ಯಗಳನ್ನು ಕಥೋಲಿಕ ಶಾಲೆಗಳು ವಿಶೇಷವಾಗಿ ಗಮನಿಸಬೇಕೆಂದು 1965ರ ಆ ಘೋಷಣೆಯೇ ಆಶಿಸಿದೆ. ಅದರ ಪ್ರಕಾರ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಗಳು. ಹಾಗಿದ್ದ ಮೇಲೆ, ಮಗಳಿಗೆ ಯಾವುದು ಮುಖ್ಯ, ಯಾವುದು ಅಲ್ಲ ಎಂಬ ಪಾಠವನ್ನು ಅವಳು ಕಲಿಯುವುದು ಪೋಷಕರ ಸಭೆಯಲ್ಲಿ ನಾವು ಏನು ಕೇಳುತ್ತೇವೆ ಎಂಬುದರಿಂದಲೇ.

ಆದುದರಿಂದ ಹೊಸ ವರ್ಷದ ವೇಳಾಪಟ್ಟಿ ಸಿದ್ಧವಾಗುತ್ತಿರುವ ಈ ಹೊತ್ತಿನಲ್ಲಿ ನಮ್ಮ ಕೆಲವು ವಿನಂತಿಗಳು. ಆಡಳಿತ ಮಂಡಳಿಗಳು ಧರ್ಮೋಪದೇಶ ಮತ್ತು ನೀತಿಪಾಠದ ಅವಧಿಯನ್ನು ವರ್ಷದ ಕೊನೆಯವರೆಗೂ, ಹತ್ತನೆಯ ತರಗತಿಗೂ ಸೇರಿಸಿ, ಉಳಿಸಿಕೊಳ್ಳಲಿ. ವಿಶೇಷ ತರಗತಿಗಳಿಗೆ ಬೇರೆ ಸಮಯ ಹುಡುಕಲಿ. ಆ ಅವಧಿಯನ್ನು ಬಿಡುವಿದ್ದವರ ಕೈಗೆ ಒಪ್ಪಿಸದೆ, ಮಕ್ಕಳ ಮಾತಿಗೆ ಕಿವಿಗೊಡಬಲ್ಲ ಶಿಕ್ಷಕಿಯರಿಗೆ ತರಬೇತಿಯೊಂದಿಗೆ ವಹಿಸಲಿ. ಭಗಿನಿಯರ ಸಂಖ್ಯೆ ಮೊದಲಿನಂತಿಲ್ಲದ ಈ ದಿನಗಳಲ್ಲಿ ಹೊಣೆ ಶ್ರೀಸಾಮಾನ್ಯ ಶಿಕ್ಷಕಿಯರ ಮೇಲಿದೆ, ಅವರಲ್ಲಿ ಅನ್ಯಮತೀಯರೂ ಇದ್ದಾರೆ. ಅವರ ನಿಷ್ಠೆಯನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ತಮ್ಮ ಎಲ್ಲೆಯೊಳಗಿನ ಶಾಲೆಯಲ್ಲಿ ಗೈರುಹಾಜರಾದ ಹುಡುಗಿಯರ ವಿಷಯವನ್ನು ತಿಂಗಳಿಗೊಮ್ಮೆಯಾದರೂ ಮುಖ್ಯೋಪಾಧ್ಯಾಯಿನಿಯವರಲ್ಲಿ ವಿಚಾರಿಸಲಿ. ಹಳೆ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಕಲೆತು ಹಳೆಯ ನೆನಪುಗಳನ್ನು ಹಂಚಿಕೊಳ್ಳುವುದರೊಂದಿಗೆ, ಒಬ್ಬೊಬ್ಬರು ಒಬ್ಬೊಬ್ಬಳು ಹುಡುಗಿಯ ಬಸ್ಸಿನ ಖರ್ಚನ್ನೋ ಪುಸ್ತಕದ ಖರ್ಚನ್ನೋ ವಹಿಸಿಕೊಳ್ಳಲಿ.

ಕುಟುಂಬಗಳಲ್ಲಿ ನಮ್ಮ ಕೋರಿಕೆ ಇನ್ನೂ ಸರಳವಾದುದು. ಮುಂದಿನ ಪೋಷಕರ ಸಭೆಯಲ್ಲಿ ಆ ಮೂರನೆಯ ಪ್ರಶ್ನೆಯನ್ನು ಕೇಳಿರಿ. ಈ ವಾರ ಧರ್ಮೋಪದೇಶದಲ್ಲಿ ಏನು ಮಾತಾಡಿದಿರಿ ಎಂದು ಗುರುವಾರ ಸಂಜೆ ಮಗಳನ್ನು ವಿಚಾರಿಸಿರಿ. ಜಪಸರದ ಪ್ರಾರ್ಥನೆಯ ಬಳಿಕ ತಟ್ಟೆ ತೊಳೆಯುವ ಸರದಿ ಮಗನಿಗೂ ಬರಲಿ. ಮತ್ತು ನಿಮ್ಮ ಅಡುಗೆಮನೆಯ ಹಿಂಬಾಗಿಲಲ್ಲಿ ಶಾಲೆಯ ಹೊತ್ತಿನಲ್ಲಿ ಯಾವ ಬಾಲೆಯಾದರೂ ಕಾಣಿಸಿದರೆ, ಅವಳ ತಾಯಿ ಹೇಗಿದ್ದಾಳೆಂದು ಕೇಳಿ, ಅವಳನ್ನು ಶಾಲೆಗೆ ಕಳುಹಿಸಿಕೊಡಿರಿ. ಆ ತಿಂಗಳ ಸಂಬಳವನ್ನು ತಾಯಿಗೆ ತಲುಪಿಸಿರಿ.

ಆ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ರಟ್ಟಿನ ಪೆಟ್ಟಿಗೆ ಮತ್ತೆ ತನ್ನ ಸ್ಥಾನದಲ್ಲಿದೆಯೆಂದೂ, ಗುರುವಾರದ ಅವಧಿಯನ್ನು ಈ ವರ್ಷ ಯಾರಿಗೂ ಬಿಟ್ಟುಕೊಡುವುದಿಲ್ಲವೆಂದು ಮುಖ್ಯೋಪಾಧ್ಯಾಯಿನಿಯವರು ನಿರ್ಧರಿಸಿದ್ದಾರೆಂದೂ ತಿಳಿದುಬಂದಿದೆ. ಪೋಷಕರ ಸಭೆ ಮುಂದಿನ ತಿಂಗಳು ನಡೆಯಲಿದೆ. ಅಲ್ಲಿ ಅವರು ಒಬ್ಬಂಟಿಯಾಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.